ಸಿಯಾಚಿನ್ ಭತ್ಯೆ, ಹಬ್ಬದ ಬೋನಸ್, ಮನೆಯ ಕಾಫಿ: ಹವಾಲ್ದಾರರ ತೆರಿಗೆ ಲೆಕ್ಕ

ಪ್ರಶ್ನೆ: ನಾವು ಪೊನ್ನಂಪೇಟೆ ತಾಲ್ಲೂಕಿನವರು. ನನ್ನ ಗಂಡ ಸೇನೆಯಲ್ಲಿ ಹವಾಲ್ದಾರ್. 2025-26ರಲ್ಲಿ ನಾಲ್ಕು ತಿಂಗಳು ಸಿಯಾಚಿನ್‌ನಲ್ಲಿದ್ದರು, ಅದಕ್ಕೆ ಒಟ್ಟು ಒಂದೂವರೆ ಲಕ್ಷ ರೂಪಾಯಿ ಭತ್ಯೆ ಬಂದಿದೆ. ಹಬ್ಬದ ಹೊತ್ತಿಗೆ 6,908 ರೂಪಾಯಿ ಬೋನಸ್ ಬಂತು. ಎಂಎಸಿಪಿ ಬಡ್ತಿಯ (ನಿಗದಿತ ವರ್ಷ ಸೇವೆ ಮುಗಿಸಿದವರಿಗೆ ಸಿಗುವ ವೇತನ ಬಡ್ತಿ) ಎರಡು ವರ್ಷದ ಹಿಂಬಾಕಿ 90,000 ರೂಪಾಯಿಯೂ ಸಿಕ್ಕಿತು. ಇವೆಲ್ಲ ಸೇರಿ ಫಾರ್ಮ್ 16ರಲ್ಲಿ 12 ಲಕ್ಷ ಸಂಬಳ ತೋರಿಸಿ ತೆರಿಗೆ ಸೊನ್ನೆ ಎಂದು ಬರೆದಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶವೊಂದರಲ್ಲಿ ಯುದ್ಧಭೂಮಿಯ ಬೋನಸ್‌ಗೆ ಸೈನಿಕರು ತೆರಿಗೆಯನ್ನೇ ಕಟ್ಟಬೇಕಿಲ್ಲ ಎಂದಿತ್ತು. ನಮ್ಮ ನೆಂಟರೊಬ್ಬರು, ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡರೆ ಫೀಲ್ಡ್ ಭತ್ಯೆಯೆಲ್ಲ ಕಳೆಯಬಹುದು ಎನ್ನುತ್ತಾರೆ. ಗಂಡನ ಹೆಸರಲ್ಲಿ ಕಾಫಿ ತೋಟ ಇದೆ, ಖರ್ಚು ಕಳೆದು ಮೂರು ಲಕ್ಷ ಉಳಿದಿದೆ. ಅದಕ್ಕೆ ತೆರಿಗೆ ಇಲ್ಲ ಅಂತ ಗೊತ್ತು. ಮೈದುನ ಅಗ್ನಿವೀರನಾಗಿದ್ದಾನೆ. ನಾವು ರಿಟರ್ನ್ಸ್ ಹೇಗೆ ಹಾಕಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನೀವು ಅನುಮಾನವೇ ಪಡದೆ ಬರೆದ ಒಂದು ಮಾತಿದೆ. ಕಾಫಿಗೆ ತೆರಿಗೆ ಇಲ್ಲ ಅನ್ನುವುದು. ಬೋನಸ್ಸು, ಸಿಯಾಚಿನ್ ಭತ್ಯೆಗಳ ಬಗ್ಗೆ ನೀವು ಪಟ್ಟಿರುವ ಆತಂಕಕ್ಕೆ ಹೆಚ್ಚು ಕಾರಣವಿಲ್ಲ. ಈ ವರ್ಷ ನಿಮ್ಮ ಮನೆಗೆ ತೆರಿಗೆ ಬರುವುದಿದ್ದರೆ ಅದು ತೋಟದ ದಾರಿಯಿಂದಲೇ. ಕೊಡಗಿನಲ್ಲಿ ಸೇನೆಯ ಸಂಬಳ ಮತ್ತು ಕಾಫಿ ಒಂದೇ ಮನೆಗೆ ಬರುವುದು ಸಾಮಾನ್ಯ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಾನಿಲ್ಲಿ ಹೇಳುವುದೆಲ್ಲ 2025-26ರ ಆದಾಯಕ್ಕೆ, ಅಂದರೆ 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿದ್ದು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅಲ್ಲಿಂದ ಮುಂದಿನ ಆದಾಯಕ್ಕೆ ಕಲಂಗಳ ಸಂಖ್ಯೆಯೇ ಬೇರೆ.

ಮೊದಲು ವಾಟ್ಸ್‌ಆ್ಯಪ್ ಸಂದೇಶ. ಅದು ಪೂರ್ತಿ ಸುಳ್ಳಲ್ಲ, ಆದರೆ ಅಮೆರಿಕದ್ದು. ಅಲ್ಲಿನ ಕಾನೂನಿನಲ್ಲಿ ಸರ್ಕಾರ ಯುದ್ಧವಲಯ ಎಂದು ಘೋಷಿಸಿದ ಜಾಗದಲ್ಲಿ ಸಿಪಾಯಿಯೊಬ್ಬ ತಿಂಗಳಲ್ಲಿ ಒಂದು ದಿನ ಕೆಲಸ ಮಾಡಿದರೂ ಆ ತಿಂಗಳ ಸಂಬಳಕ್ಕೆ ಫೆಡರಲ್ ಆದಾಯ ತೆರಿಗೆ ಇಲ್ಲ. ಸೇವೆ ಮುಂದುವರಿಸಲು ಕೊಡುವ ಬೋನಸ್‌ನ ಒಪ್ಪಂದಕ್ಕೆ ಆ ತಿಂಗಳಲ್ಲಿ ಸಹಿ ಹಾಕಿದರೆ, ಹಣ ಆಮೇಲೆ ಕೈಸೇರಿದರೂ ಆ ಬೋನಸ್ಸಿಗೆ ತೆರಿಗೆ ಇಲ್ಲ. ಅಧಿಕಾರಿಗಳಿಗೆ ಮಾತ್ರ ಒಂದು ಮಿತಿ ಇದೆ. ಭಾರತದಲ್ಲಿ ಸೇವೆ ಮುಂದುವರಿಸಿದ್ದಕ್ಕೆ ಜವಾನರಿಗೆ ಹೀಗೆ ಬೋನಸ್ ಕೊಡುವ ಪದ್ಧತಿಯೂ ಇಲ್ಲ, ಯುದ್ಧವಲಯದ ಸಂಬಳ ಪೂರ್ತಿ ತೆರಿಗೆಮುಕ್ತ ಎನ್ನುವ ಕಲಮೂ ಇಲ್ಲ. ಯಾರೋ ಅಲ್ಲಿಯದನ್ನು ಕನ್ನಡಕ್ಕಿಳಿಸಿ ಇಲ್ಲಿಯ ಜವಾನರಿಗೆ ಕಳಿಸಿದ್ದಾರೆ ಅಷ್ಟೆ. ಅದನ್ನು ನಂಬಿ ರಿಟರ್ನ್ಸ್‌ನಲ್ಲಿ ಒಂದೂವರೆ ಲಕ್ಷ ಕಳೆದರೆ ನೋಟಿಸ್ ನಿಮ್ಮ ಮನೆಗೆ ಬರುತ್ತದೆ, ಸಂದೇಶ ಕಳಿಸಿದವರ ಮನೆಗಲ್ಲ.

ನಿಮ್ಮ ಗಂಡನಿಗೆ ಬಂದ 6,908 ರೂಪಾಯಿ ಬೇರೆ ಬಗೆಯದು. ಕೇಂದ್ರ ಸರ್ಕಾರ ಪ್ರತಿವರ್ಷ ಗ್ರೂಪ್ ಸಿ ನೌಕರರಿಗೆ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ನೌಕರರಿಗೆ ಕೊಡುವ ಅಡ್‌ಹಾಕ್ ಬೋನಸ್ ಅದು. ಮೂವತ್ತು ದಿನದ ಸಂಬಳ ಎಂದು ಹೆಸರು, ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳದ ಗರಿಷ್ಠ ಮಿತಿ 7,000 ರೂಪಾಯಿ. ಅದನ್ನು 30.4ರಿಂದ ಭಾಗಿಸಿ 30ರಿಂದ ಗುಣಿಸಿದರೆ 6,908 ಬರುತ್ತದೆ. ಅದಕ್ಕೇ ದಿಲ್ಲಿಯ ಗುಮಾಸ್ತರಿಗೂ ಸಿಯಾಚಿನ್‌ನ ಹವಾಲ್ದಾರರಿಗೂ ಬರುವ ಮೊತ್ತ ಒಂದೇ. ಇದು ಪೂರ್ತಿ ಸಂಬಳವೇ, ಪೂರ್ತಿ ತೆರಿಗೆಗೆ ಒಳಪಟ್ಟದ್ದೇ. ಹಳೆಯ ಪದ್ಧತಿಯಲ್ಲೂ ಒಂದು ರೂಪಾಯಿ ಕಳೆಯಲು ಬರುವುದಿಲ್ಲ. ಪ್ರತಿ ತಿಂಗಳು ಬರುವ ಮಿಲಿಟರಿ ಸರ್ವೀಸ್ ಪೇಗೂ ಇದೇ ಮಾತು. ಜವಾನರಿಗೆ 5,200, ಅಧಿಕಾರಿಗಳಿಗೆ 15,500 ರೂಪಾಯಿ ಇರುವ ಆ ಹಣ ಸೈನಿಕ ಬದುಕಿನ ಕಷ್ಟಕ್ಕೆಂದೇ ಕೊಡುವುದಾದರೂ ತೆರಿಗೆಯ ಕಣ್ಣಿಗೆ ಅದು ಮೂಲ ವೇತನದಂತೆಯೇ.

ಹಾಗಾದರೆ ಯಾವುದಕ್ಕೆ ವಿನಾಯಿತಿ ಇದೆ? ಕಲಂ 10(14) ಮತ್ತು ಅದರಡಿಯ ನಿಯಮ 2ಬಿಬಿಯಲ್ಲಿ ಭತ್ಯೆಗಳ ಪಟ್ಟಿ ಇದೆ. ಪೇ ಸ್ಲಿಪ್ಪಿನಲ್ಲಿ ಭತ್ಯೆ ಯಾವ ಹೆಸರಿನಲ್ಲಿ ಬಂದಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಫೀಲ್ಡ್ ಏರಿಯಾ ಭತ್ಯೆಯಾದರೆ ತಿಂಗಳಿಗೆ 2,600 ರೂಪಾಯಿವರೆಗೆ, ಮಾಡಿಫೈಡ್ ಫೀಲ್ಡ್ ಆದರೆ 1,000, ಕೌಂಟರ್ ಇನ್ಸರ್ಜೆನ್ಸಿ 3,900, ಹೈಲಿ ಆ್ಯಕ್ಟಿವ್ ಫೀಲ್ಡ್ 4,200. ಒಂಬತ್ತರಿಂದ ಹದಿನೈದು ಸಾವಿರ ಅಡಿ ಎತ್ತರದಲ್ಲಿದ್ದರೆ 1,060, ಅದಕ್ಕೂ ಮೇಲಿದ್ದರೆ 1,600. ಅಂಡಮಾನ್, ಲಕ್ಷದ್ವೀಪಗಳಲ್ಲಿ ಐಲ್ಯಾಂಡ್ ಡ್ಯೂಟಿ ಇದ್ದರೆ 3,250. ಸಿಯಾಚಿನ್ ಪ್ರದೇಶಕ್ಕೆ 7,000. ಫೀಲ್ಡ್ ಅಥವಾ ಕೌಂಟರ್ ಇನ್ಸರ್ಜೆನ್ಸಿ ಭತ್ಯೆಯ ವಿನಾಯಿತಿ ಪಡೆದವರು ಅದೇ ಅವಧಿಗೆ ಗಡಿ ಪ್ರದೇಶ, ದುರ್ಗಮ ಪ್ರದೇಶಗಳ ಭತ್ಯೆಗೆ ಇನ್ನೊಂದು ವಿನಾಯಿತಿ ಕೇಳುವಂತಿಲ್ಲ. ಈ ಮೊತ್ತಗಳು ತಿಂಗಳ ಮಿತಿ ಎನ್ನುವುದನ್ನು ಗಮನಿಸಿ. ಅಲ್ಲಿದ್ದಷ್ಟು ತಿಂಗಳಿಗೆ ಮಾತ್ರ ಸಿಗುತ್ತದೆ.

ಈ ಅಂಕಿಗಳನ್ನು ಇಂದಿನ ಭತ್ಯೆಯ ಪಕ್ಕದಲ್ಲಿ ಇಟ್ಟು ನೋಡಿದರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಏಳನೇ ವೇತನ ಆಯೋಗದ ನಂತರ 2017ರ ಜುಲೈನಿಂದ ಸಿಯಾಚಿನ್ ಭತ್ಯೆ ಜವಾನರಿಗೆ 14,000ದಿಂದ 30,000 ರೂಪಾಯಿಗೆ, ಅಧಿಕಾರಿಗಳಿಗೆ 21,000ದಿಂದ 42,500ಕ್ಕೆ ಏರಿತು. ತುಟ್ಟಿಭತ್ಯೆ ಶೇ 50 ಮುಟ್ಟಿದಾಗಲೆಲ್ಲ ಈ ಭತ್ಯೆ ಶೇ 25 ಏರಬೇಕು ಎಂಬ ನಿಯಮವೂ ಬಂತು. ಆದರೆ ವಿನಾಯಿತಿಯ ಮಿತಿ 7,000 ದಾಟಲಿಲ್ಲ. ನಿಮ್ಮ ಗಂಡನ ಒಂದೂವರೆ ಲಕ್ಷದಲ್ಲಿ ಹಳೆಯ ಪದ್ಧತಿಯಲ್ಲಿ ಕಳೆಯಲು ಬರುವುದು ನಾಲ್ಕು ತಿಂಗಳಿಗೆ 28,000 ಮಾತ್ರ. ಮಿಕ್ಕ 1,22,000 ತೆರಿಗೆಗೇ ಸೇರುತ್ತದೆ. ಹಿಮದಲ್ಲಿ ಕೈಬೆರಳು ಕಳೆದುಕೊಳ್ಳುವ ಅಪಾಯವಿರುವ ಜಾಗಕ್ಕೆ ಸರ್ಕಾರವೇ ಹೆಚ್ಚು ಹಣ ಬೇಕೆಂದು ಒಪ್ಪಿಕೊಂಡಿದೆ. ಅದೇ ಹಣದ ವಿನಾಯಿತಿಯನ್ನು ಮಾತ್ರ ಹಳೆಯ ಕಾಲದಲ್ಲೇ ಬಿಟ್ಟಿರುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಮಾಜಿ ಸೈನಿಕರ ಸಂಘಗಳು ಮನವಿ ಕೊಡುವಾಗ ಪಿಂಚಣಿಯ ಜೊತೆಗೆ ಇದನ್ನೂ ಸೇರಿಸಬೇಕು.

ಈಗ ನಿಮ್ಮ ನೆಂಟರ ಸಲಹೆ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಮೂಲ ಪದ್ಧತಿ. ನೀವು ಏನೂ ಹೇಳದಿದ್ದರೆ ಪೇ ಆಫೀಸು ಅದರಲ್ಲೇ ಲೆಕ್ಕ ಹಾಕುತ್ತದೆ. ಹೊಸ ಪದ್ಧತಿಯಲ್ಲಿ ಮೇಲೆ ಹೇಳಿದ ಭತ್ಯೆಗಳ ವಿನಾಯಿತಿ ಒಂದೂ ಇಲ್ಲ. ಸಿಯಾಚಿನ್‌ನ 7,000 ಕೂಡ ಇಲ್ಲ, ಉಡುಪು ಭತ್ಯೆಯ ವಿನಾಯಿತಿಯೂ ಇಲ್ಲ. ಅಷ್ಟರ ಮಟ್ಟಿಗೆ ಅವರು ಹೇಳಿದ್ದು ಸರಿ. ಆದರೆ ವಿನಾಯಿತಿ ಸಿಗುತ್ತದೆಂಬ ಒಂದೇ ಕಾರಣಕ್ಕೆ ಹಳೆಯದಕ್ಕೆ ಹೋದರೆ ಏನಾಗುತ್ತದೆ ನೋಡಿ.

ಕಾಫಿಯನ್ನು ಸದ್ಯಕ್ಕೆ ಬದಿಗಿಡೋಣ. ಹಳೆಯ ಪದ್ಧತಿಯಲ್ಲಿ 12 ಲಕ್ಷದಿಂದ ಸಿಯಾಚಿನ್‌ನ 28,000, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಭವಿಷ್ಯನಿಧಿ ಮತ್ತು ವಿಮೆ ಸೇರಿ 80ಸಿ ಅಡಿ ಪೂರ್ತಿ 1,50,000 ಕಳೆದರೂ 9,72,000 ಉಳಿಯುತ್ತದೆ. ಅದಕ್ಕೆ ತೆರಿಗೆ 1,06,900, ಶೇ 4ರ ಸೆಸ್ ಸೇರಿ 1,11,176 ರೂಪಾಯಿ. ಹೊಸ ಪದ್ಧತಿಯಲ್ಲಿ 12 ಲಕ್ಷದಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಮಾತ್ರ ಕಳೆದು 11,25,000 ಉಳಿಯುತ್ತದೆ. ಮೊದಲ ನಾಲ್ಕು ಲಕ್ಷಕ್ಕೆ ಏನಿಲ್ಲ, ಮುಂದಿನ ನಾಲ್ಕಕ್ಕೆ ಶೇ 5, ಅದರಾಚೆ ಶೇ 10 ಲೆಕ್ಕದಲ್ಲಿ ತೆರಿಗೆ 52,500. ಒಟ್ಟು ಆದಾಯ 12 ಲಕ್ಷದೊಳಗಿದ್ದರೆ ಕಲಂ 87ಎ ಅಡಿ 60,000ದವರೆಗೆ ರಿಯಾಯಿತಿ ಇರುವುದರಿಂದ ಅದು ಸೊನ್ನೆಯಾಗುತ್ತದೆ. 28,000ದ ವಿನಾಯಿತಿ ಹಿಡಿಯಲು ಹೋಗಿ ಒಂದು ಲಕ್ಷಕ್ಕೂ ಹೆಚ್ಚು ತೆರಿಗೆ ಕಟ್ಟುವುದು ಯಾವ ಲೆಕ್ಕ? ಫಾರ್ಮ್ 16ರಲ್ಲಿ ಸೊನ್ನೆ ಬಂದಿರುವುದು ಹೀಗೆ. ಪೇ ಆಫೀಸಿನವರು ತಮಗೆ ಗೊತ್ತಿರುವಷ್ಟನ್ನು ಸರಿಯಾಗಿಯೇ ಮಾಡಿದ್ದಾರೆ.

ನಿಮ್ಮ ನೆಂಟರು ಅಧಿಕಾರಿಯಾಗಿದ್ದು ಅವರ ಸಂಬಳ ಹೆಚ್ಚಿದ್ದರೆ, ಅವರ ಮಟ್ಟಿಗೆ ಹಳೆಯದು ಲಾಭವಾಗಿರಲೂಬಹುದು. ಸಂಬಳ 24 ಲಕ್ಷ ದಾಟಿದವರು ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಸುಮಾರು ಎಂಟು ಲಕ್ಷದಷ್ಟು ಬೇರೆ ಕಡಿತ ತೋರಿಸಲು ಸಾಧ್ಯವಾದರೆ ಮಾತ್ರ ಹಳೆಯ ಪದ್ಧತಿ ಗೆಲ್ಲುತ್ತದೆ. ಬೆಂಗಳೂರಿನಲ್ಲಿ ಕುಟುಂಬ ಬಾಡಿಗೆ ಮನೆಯಲ್ಲಿದ್ದು, ಗೃಹಸಾಲದ ಬಡ್ಡಿಯೂ ಇದ್ದವರಿಗೆ ಅದು ಆಗಬಹುದು. ಹವಾಲ್ದಾರರ ಸಂಬಳಕ್ಕೆ ಆ ಲೆಕ್ಕ ಕೂಡುವುದಿಲ್ಲ.

ಇನ್ನು ತೋಟ.

ಕಾಫಿ ಕೃಷಿ ಆದಾಯ, ಕೃಷಿ ಆದಾಯಕ್ಕೆ ಕಲಂ 10(1)ರ ವಿನಾಯಿತಿ ಇದೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಭಾಗ ಇದು: ಕೃಷಿ ಆದಾಯ 5,000 ರೂಪಾಯಿ ದಾಟಿದ್ದು, ಬೇರೆ ಆದಾಯವೂ ತೆರಿಗೆಯ ಕನಿಷ್ಠ ಮಿತಿಗಿಂತ ಹೆಚ್ಚಿದ್ದರೆ, ತೆರಿಗೆಯ ದರ ನಿರ್ಧರಿಸಲು ಎರಡನ್ನೂ ಕೂಡಿಸಬೇಕು. ಕಾಫಿಗೆ ನೇರವಾಗಿ ತೆರಿಗೆ ಬೀಳುವುದಿಲ್ಲ. ಆದರೆ ಅದು ಕೆಳಗಿನ ಮೆಟ್ಟಿಲುಗಳಲ್ಲಿ ಕುಳಿತುಕೊಂಡು ಸಂಬಳವನ್ನು ಮೇಲಿನ ಮೆಟ್ಟಿಲಿಗೆ ತಳ್ಳುತ್ತದೆ. ಹೊಸ ಪದ್ಧತಿಯಲ್ಲೂ ಇದಕ್ಕೆ ವಿನಾಯಿತಿ ಇಲ್ಲ.

ನಿಮ್ಮ ಲೆಕ್ಕವನ್ನೇ ಮಾಡೋಣ. ಸಂಬಳದ 11,25,000ಕ್ಕೆ ಕಾಫಿಯ 3,00,000 ಕೂಡಿಸಿದರೆ 14,25,000. ಅದಕ್ಕೆ ತೆರಿಗೆ 93,750. ಆಮೇಲೆ ಕಾಫಿಯ ಮೂರು ಲಕ್ಷಕ್ಕೆ ಕನಿಷ್ಠ ಮಿತಿಯ ನಾಲ್ಕು ಲಕ್ಷ ಸೇರಿಸಿ ಏಳು ಲಕ್ಷಕ್ಕೆ ಬರುವ ತೆರಿಗೆ 15,000ವನ್ನು ಅದರಿಂದ ಕಳೆಯಬೇಕು. ಉಳಿಯುವುದು 78,750. ಒಟ್ಟು ಆದಾಯ ಎಂದು ಕಾನೂನು ಹೇಳುವುದರಲ್ಲಿ ಕಾಫಿ ಸೇರುವುದಿಲ್ಲವಾದ್ದರಿಂದ ನೀವಿನ್ನೂ 12 ಲಕ್ಷದೊಳಗೇ ಇದ್ದೀರಿ, 87ಎ ರಿಯಾಯಿತಿ ಸಿಗುತ್ತದೆ. ಆದರೆ ಆ ರಿಯಾಯಿತಿಗೆ 60,000ದ ಗರಿಷ್ಠ ಮಿತಿ ಇದೆ. ಮಿಕ್ಕ 18,750 ಕಟ್ಟಲೇಬೇಕು, ಸೆಸ್ ಸೇರಿ 19,500 ರೂಪಾಯಿ. ಇದೇ ಲೆಕ್ಕವನ್ನು ಹಳೆಯ ಪದ್ಧತಿಯಲ್ಲಿ ಮಾಡಿದರೆ 1,78,464 ಆಗುತ್ತದೆ. ಆದ್ದರಿಂದ ಕಾಫಿ ಸೇರಿಸಿದ ಮೇಲೂ ಹೊಸ ಪದ್ಧತಿಯೇ ನಿಮಗೆ ಸರಿ.

12 ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ಸುದ್ದಿಯನ್ನು ಟಿವಿಯಲ್ಲಿ ಕೇಳಿದ ಎಷ್ಟೋ ಮನೆಗಳಲ್ಲಿ ಈ 19,500ರ ಸುಳಿವೇ ಇರುವುದಿಲ್ಲ. ರೊಬಸ್ಟಾಕ್ಕೆ ಹಿಂದೆಂದೂ ಇಲ್ಲದ ಬೆಲೆ ಬಂದ ಮೇಲಂತೂ ಇದು ಸಣ್ಣ ಬೆಳೆಗಾರರನ್ನೂ ಮುಟ್ಟುತ್ತಿದೆ. ಮೊದಲು ಎರಡು ಮೂರು ಎಕರೆಯಿಂದ ಹೇಳಿಕೊಳ್ಳುವಂಥದ್ದೇನೂ ಉಳಿಯುತ್ತಿರಲಿಲ್ಲ, ಹಾಗಾಗಿ ರಿಟರ್ನ್ಸ್‌ನಲ್ಲಿ ಬರೆಯುವ ಅಭ್ಯಾಸವೂ ಬೆಳೆಯಲಿಲ್ಲ. ಈಗ ವ್ಯಾಪಾರಿಗಳು ಬ್ಯಾಂಕಿಗೇ ಹಣ ಹಾಕುತ್ತಾರೆ, ಖಾತೆ ಪ್ಯಾನ್‌ಗೆ ಜೋಡಣೆಯಾಗಿರುತ್ತದೆ. ಮೂರು ಲಕ್ಷ ಎಲ್ಲಿಂದ ಬಂತು ಎಂದು ಇಲಾಖೆ ಕೇಳಿದಾಗ ಕಾಫಿ ಎನ್ನುವ ಉತ್ತರ ರಿಟರ್ನ್ಸ್‌ನಲ್ಲಿ ಮೊದಲೇ ಇದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಲೆಕ್ಕಕ್ಕೆ ಬೇಕಾದದ್ದು ಖರ್ಚು ಕಳೆದ ನಿವ್ವಳ ಆದಾಯ. ಚೆರಿ ಕುಯ್ಯುವ ಕೂಲಿ, ಕಪಾತು, ಗೊಬ್ಬರ, ಔಷಧಿ, ಮಾರ್ಚ್‌ನಲ್ಲಿ ಹೂವಿನ ಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಓಡಿಸಿದ ಡೀಸೆಲ್, ಬೆಳೆ ಸಾಲದ ಬಡ್ಡಿ ಎಲ್ಲವನ್ನೂ ಕಳೆಯಬಹುದು. ನೀವು ಹೇಳಿದ ಮೂರು ಲಕ್ಷದಲ್ಲಿ ಇವೆಲ್ಲ ನಿಜಕ್ಕೂ ಕಳೆದಿವೆಯೇ ಎಂದು ಇನ್ನೊಮ್ಮೆ ನೋಡಿ. ನಮ್ಮಲ್ಲಿ ವಾರದ ಬಟವಾಡೆಯನ್ನು ಚೀಟಿಯಲ್ಲಿ ಬರೆದು ಹರಿದು ಹಾಕುವ ರೂಢಿ ಇದೆ. ಅದನ್ನೇ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕೆಲಸಗಾರರ ಹೆಸರು, ಕುಯ್ದ ಕಿಲೋ, ಕೊಟ್ಟ ಹಣ ಎಂದು ಬರೆದು ಸಹಿ ಹಾಕಿಸಿಕೊಂಡರೆ ಸಾಕು. ಆ ಒಂದು ಪುಸ್ತಕ 50,000 ರೂಪಾಯಿ ಖರ್ಚನ್ನು ರುಜುವಾತು ಮಾಡಿದರೆ, ಆದಾಯ ಮೂರರಿಂದ ಎರಡೂವರೆ ಲಕ್ಷಕ್ಕೆ ಇಳಿದು ನಿಮಗೆ ಸೆಸ್ ಸೇರಿ 5,200 ರೂಪಾಯಿ ಉಳಿಯುತ್ತದೆ.

ಕಾಫಿಯನ್ನು ನೀವು ಯಾವ ರೂಪದಲ್ಲಿ ಮಾರಿದಿರಿ ಎನ್ನುವುದೂ ಮುಖ್ಯ. ಕಣದಲ್ಲಿ ಒಣಗಿಸಿದ ಚೆರಿಯನ್ನು ಚೀಲದಲ್ಲಿ ತುಂಬಿ ಮಾರಿದರೆ, ಅಥವಾ ಪಲ್ಪಿಂಗ್ ಮಾಡಿ (ಹಣ್ಣಿನ ತಿರುಳು ತೆಗೆದು) ಪಾರ್ಚ್‌ಮೆಂಟ್ ಆಗಿ, ಅಂದರೆ ಒಳಸಿಪ್ಪೆ ಇರುವ ಬೀಜವಾಗಿ ಮಾರಿದರೆ, ಪೂರ್ತಿ ಕೃಷಿ ಆದಾಯ. ಅದೇ ಕಾಫಿಯನ್ನು ಕ್ಯೂರಿಂಗ್ ವರ್ಕ್ಸ್‌ಗೆ ಹಾಕಿ, ಸಿಪ್ಪೆ ಬಿಡಿಸಿ, ಗ್ರೇಡ್ ಮಾಡಿಸಿ ನಿಮ್ಮ ಲೆಕ್ಕದಲ್ಲೇ ಬೀಜವಾಗಿ ಮಾರಿದರೆ ನಿಯಮ 7ಬಿ ಬರುತ್ತದೆ. ಆಗ ಲಾಭದ ಶೇ 25 ವ್ಯಾಪಾರದ ಆದಾಯ, ಶೇ 75 ಕೃಷಿಯದು. ಹುರಿದು ಪುಡಿ ಮಾಡಿ ಹೋಂಸ್ಟೇ ಅತಿಥಿಗಳಿಗೆ ಪೊಟ್ಟಣದಲ್ಲಿ ಮಾರಿದರೆ ವ್ಯಾಪಾರದ ಪಾಲು ಶೇ 40. ನಿಮ್ಮ ಮೂರು ಲಕ್ಷ ಕ್ಯೂರಿಂಗ್ ಮಾಡಿಸಿ ಮಾರಿದ್ದಾದರೆ 75,000 ತೆರಿಗೆಯ ಆದಾಯಕ್ಕೆ ಸೇರಿ ಕಟ್ಟಬೇಕಾದ್ದು 23,400ಕ್ಕೆ ಏರುತ್ತದೆ.

ಆ ನಾಲ್ಕು ಸಾವಿರದ ವ್ಯತ್ಯಾಸಕ್ಕಿಂತ ನಾನು ಹೆಚ್ಚು ಎಚ್ಚರಿಸಬೇಕಾದ್ದು ಇನ್ನೊಂದಿದೆ. ಸಂಬಳ ಮತ್ತು ಬರೀ ಕೃಷಿ ಆದಾಯ ಇರುವವರು ಹಳೆಯದು, ಹೊಸದು ಎಂಬ ಆಯ್ಕೆಯನ್ನು ಪ್ರತಿವರ್ಷ ಗಡುವಿನೊಳಗೆ ಹಾಕುವ ರಿಟರ್ನ್ಸ್‌ನಲ್ಲೇ ಬದಲಿಸಬಹುದು. ವ್ಯಾಪಾರದ ಆದಾಯ ಬಂದ ಕೂಡಲೇ ಆ ಸ್ವಾತಂತ್ರ್ಯ ಹೋಗುತ್ತದೆ. ಹಳೆಯದಕ್ಕೆ ಹೋಗಲು ಫಾರ್ಮ್ 10-ಐಇಎ ಹಾಕಬೇಕು, ಅಲ್ಲಿಂದ ಹೊಸದಕ್ಕೆ ಮರಳಲು ಒಂದೇ ಅವಕಾಶ. ಹೀಗಾಗಿ ಒಂದು ವರ್ಷ ಒಳ್ಳೆ ಬೆಲೆ ಬಂತೆಂದು ಕ್ಯೂರಿಂಗ್ ಮಾಡಿಸುವ ಮುಂಚೆ ಈ ವಿಷಯವೂ ನೆನಪಿರಲಿ. ಬೆಲೆಯ ವ್ಯತ್ಯಾಸ ದೊಡ್ಡದಿದ್ದರೆ ಧಾರಾಳವಾಗಿ ಮಾಡಿಸಿ, ತೆರಿಗೆಗೆ ಹೆದರಿ ಬೆಲೆ ಬಿಡಬೇಡಿ.

ತೋಟ ಗಂಡನ ಹೆಸರಲ್ಲೇ ಇದೆ ಎಂದು ನೀವು ಬರೆದಿರುವುದರಿಂದ ಆದಾಯವೂ ಅವರದೇ. ಮಾರಿದ ಹಣ ನಿಮ್ಮ ಖಾತೆಗೆ ಬಂದಿದ್ದರೂ, ಅವರು ಗಡಿಯಲ್ಲಿದ್ದಾಗ ಕುಯ್ಲು ಮಾಡಿಸಿದ್ದು ನೀವೇ ಆಗಿದ್ದರೂ ಲೆಕ್ಕ ಬದಲಾಗುವುದಿಲ್ಲ. ಇದನ್ನು ಓದುವ ಬೇರೆಯವರಲ್ಲಿ ಹಲವರದು ಒಕ್ಕದ (ಕೊಡವ ಮನೆತನದ) ಜಮ್ಮಾ ಆಸ್ತಿ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನಾಗಿರುತ್ತದೆ, ಪಾಲಾಗದೆ ಹಿರಿಯರ ಹೆಸರಲ್ಲೇ ಇರುತ್ತದೆ. ಅಂಥಲ್ಲಿ ಆದಾಯ ಅವಿಭಕ್ತ ಕುಟುಂಬದ್ದೋ, ಅನುಭವಿಸುತ್ತಿರುವ ವ್ಯಕ್ತಿಯದೋ ಎಂಬುದನ್ನು ದಾಖಲೆ ನೋಡದೆ ಹೇಳಲಾಗದು. ಕುಟುಂಬದ ಆದಾಯದಿಂದ ಸದಸ್ಯನಿಗೆ ಬಂದ ಪಾಲಿಗೆ ಬೇರೆ ವಿನಾಯಿತಿ ಇದ್ದು ದರದ ಲೆಕ್ಕಕ್ಕೂ ಅದು ಸೇರದ ಕಾರಣ, ಒಮ್ಮೆ ಆರ್‌ಟಿಸಿ ಮತ್ತು ಹಿಂದಿನ ಪತ್ರಗಳನ್ನು ಹಿಡಿದು ಲೆಕ್ಕಪರಿಶೋಧಕರ ಬಳಿ ಹೋಗುವುದು ಒಳ್ಳೆಯದು.

ಈಗ 90,000ದ ಹಿಂಬಾಕಿ. ಎರಡು ವರ್ಷ ಹಿಂದಿನದಾದರೂ ಕೈಗೆ ಬಂದದ್ದು ಈ ವರ್ಷ, ಆದ್ದರಿಂದ ತೆರಿಗೆಯೂ ಈ ವರ್ಷವೇ. ತಡವಾಗಿ ಕೊಟ್ಟದ್ದು ಸರ್ಕಾರ, ಅದರ ಹೊರೆ ಜವಾನನ ಮೇಲೆ ಬೀಳಬಾರದು ಎಂದು ಕಲಂ 89ರಲ್ಲಿ ಪರಿಹಾರ ಇಟ್ಟಿದ್ದಾರೆ. ಹೊಸ ಪದ್ಧತಿಯಲ್ಲೂ ಅದು ಸಿಗುತ್ತದೆ. ಈ ವರ್ಷ ಹಿಂಬಾಕಿ ಇಲ್ಲದಿದ್ದರೆ ನೀವು ಕಟ್ಟಬೇಕಾಗಿದ್ದದ್ದು 5,460, ಸೇರಿದ್ದರಿಂದ 19,500. ಅಂದರೆ 14,040 ರೂಪಾಯಿ ಹಿಂಬಾಕಿಯಿಂದಲೇ ಬಂದ ಭಾರ. ಆ ಹಣವನ್ನು 2023-24ಕ್ಕೂ 2024-25ಕ್ಕೂ ಅಲ್ಲಲ್ಲಿಯೇ ಸೇರಿಸಿದ್ದರೆ ಎಷ್ಟು ಹೆಚ್ಚು ತೆರಿಗೆ ಬರುತ್ತಿತ್ತೋ ನೋಡಬೇಕು. ಆ ಎರಡು ವರ್ಷ ತೋಟದಿಂದ ಹೆಚ್ಚೇನೂ ಬರದೆ ಅವರು ಶೇ 10ರ ಹಂತದಲ್ಲಿದ್ದರೆ ಸೆಸ್ ಸೇರಿ 9,360 ಆಗುತ್ತಿತ್ತು, ವ್ಯತ್ಯಾಸವಾದ 4,680 ಪರಿಹಾರವಾಗಿ ಸಿಗುತ್ತದೆ. ಆಗಲೂ ಶೇ 15ರ ಹಂತದಲ್ಲೇ ಇದ್ದರೆ ಏನೂ ಸಿಗದು. ಹಳೆಯ ಎರಡೂ ರಿಟರ್ನ್ಸ್ ತೆಗೆದು ಲೆಕ್ಕ ಹಾಕಿ, ಲಾಭವಿದ್ದರೆ ಮಾತ್ರ ಕೇಳಿ. ಕೇಳುವುದಾದರೆ ರಿಟರ್ನ್ಸ್‌ಗೆ ಮುಂಚೆ ಫಾರ್ಮ್ 10ಇ ಅನ್ನು ಪೋರ್ಟಲ್‌ನಲ್ಲಿ ಹಾಕಿರಬೇಕು. ಅದನ್ನು ಹಾಕದೆ ಪರಿಹಾರ ಕೇಳಿದವರಿಗೆ ರಿಟರ್ನ್ಸ್ ಪರಿಶೀಲಿಸುವ ಬೆಂಗಳೂರಿನ ಕೇಂದ್ರವಾದ ಸಿಪಿಸಿಯಿಂದ ಪರಿಹಾರ ತಿರಸ್ಕರಿಸಿದ ಪತ್ರ ಬರುತ್ತದೆ.

ರಿಟರ್ನ್ಸ್ ಫಾರ್ಮಿನ ವಿಷಯಕ್ಕೆ ಬಂದರೆ, ಕೃಷಿ ಆದಾಯ 5,000 ದಾಟಿರುವುದರಿಂದ ಐಟಿಆರ್-1 ನಿಮಗಲ್ಲ. ಚೆರಿಯಾಗಿ ಮಾರಿದ್ದರೆ ಐಟಿಆರ್-2, ಕ್ಯೂರಿಂಗ್ ಮಾಡಿಸಿ ಮಾರಿದ್ದರೆ ಐಟಿಆರ್-3. ನಿವ್ವಳ ಕೃಷಿ ಆದಾಯ ಐದು ಲಕ್ಷ ದಾಟಿದವರು ಜಿಲ್ಲೆ, ಪಿನ್‌ಕೋಡ್, ಜಮೀನಿನ ವಿಸ್ತೀರ್ಣ, ಸ್ವಂತದ್ದೋ ಗೇಣಿಯದೋ, ನೀರಾವರಿಯೋ ಮಳೆಯಾಶ್ರಿತವೋ ಎಂದೂ ತುಂಬಬೇಕು. ಫಾರ್ಮ್ 16ರಲ್ಲಿ ಟಿಡಿಎಸ್ (ಸಂಬಳದಲ್ಲೇ ಹಿಡಿದುಕೊಳ್ಳುವ ತೆರಿಗೆ) ಸೊನ್ನೆ ಇರುವುದರಿಂದ ಕಟ್ಟಬೇಕಾದ ಹಣವನ್ನು ಚಲನ್ ಮೂಲಕ ನೀವೇ ಕಟ್ಟಿ ಆಮೇಲೆ ರಿಟರ್ನ್ಸ್ ಹಾಕಿ. ಬಾಕಿ ತೆರಿಗೆ 10,000 ದಾಟಿದ್ದಕ್ಕೆ ಮುಂಗಡ ತೆರಿಗೆ ಕಟ್ಟಬೇಕಿತ್ತು, ಹಾಗಾಗಿ ಏಪ್ರಿಲ್‌ನಿಂದ ತಿಂಗಳಿಗೆ ಶೇ 1ರಂತೆ ಬಡ್ಡಿ ಸೇರುತ್ತದೆ, ಕಂತು ತಪ್ಪಿದ್ದಕ್ಕೂ ಸ್ವಲ್ಪ ಬಡ್ಡಿ ಇದೆ. ತಡ ಮಾಡಿದಷ್ಟೂ ಬೆಳೆಯುತ್ತದೆ. ಮುಂದಿನ ವರ್ಷದಿಂದ ಕಾಫಿ ಮಾರಿದ ಕೂಡಲೇ, ಮಾರ್ಚ್ 15ರೊಳಗೆ ಒಂದು ಅಂದಾಜು ಹಾಕಿ ಕಟ್ಟಿಬಿಡಿ.

ಒಂದು ಎಚ್ಚರಿಕೆ ಹೇಳಲೇಬೇಕು. ರೀಫಂಡ್ ತರಿಸಿಕೊಡುತ್ತೇವೆ, ಬಂದದ್ದರಲ್ಲಿ ಪಾಲು ಕೊಡಿ ಎಂದು ಜವಾನರ ಫಾರ್ಮ್ 16 ಕೇಳುವ ದಲ್ಲಾಳಿಗಳಿದ್ದಾರೆ. ಇಲ್ಲದ ಬಾಡಿಗೆ, ಕೊಡದ ದೇಣಿಗೆ, ತೆಗೆದುಕೊಳ್ಳದ ಶಿಕ್ಷಣ ಸಾಲ ತೋರಿಸಿ ಹಳೆಯ ಪದ್ಧತಿಯಲ್ಲಿ ರಿಟರ್ನ್ಸ್ ಹಾಕುತ್ತಾರೆ. ಇಂಥವರ ಮೇಲೆ 2025ರ ಜುಲೈನಲ್ಲಿ ಇಲಾಖೆ ದೇಶದ ಹಲವೆಡೆ ಶೋಧ ನಡೆಸಿತು. ಆದಾಯವನ್ನು ಸುಳ್ಳಾಗಿ ತೋರಿಸಿದ್ದಕ್ಕೆ ದಂಡ ತೆರಿಗೆಯ ಎರಡರಷ್ಟಿದೆ, ಅದು ಬೀಳುವುದು ಪ್ಯಾನ್ ಯಾರದೋ ಅವರ ಮೇಲೆ. ಗಡಿಯಲ್ಲಿರುವ ಮನುಷ್ಯನಿಗೆ ನೋಟಿಸ್ ಬಂದದ್ದೇ ತಿಂಗಳುಗಟ್ಟಲೆ ತಿಳಿಯುವುದಿಲ್ಲ. ದಯವಿಟ್ಟು ಪೋರ್ಟಲ್‌ನ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಇಲಾಖೆಯ ಸಂದೇಶಗಳಿಗೆ ನಿಮ್ಮ ಮೊಬೈಲ್ ಸಂಖ್ಯೆ, ಇಮೇಲ್ ಸೇರಿಸಿಡಿ.

ನಿವೃತ್ತಿಯ ಹೊತ್ತಿಗೆ ಬರುವ ಹಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೆದರಬೇಡಿ ಎಂದು ಹೇಳಿಬಿಡುತ್ತೇನೆ. ಸೇನೆಯ ಗ್ರಾಚ್ಯುಟಿ, ಪಿಂಚಣಿ ಕಮ್ಯೂಟೇಶನ್ (ಪಿಂಚಣಿಯ ಒಂದು ಭಾಗದ ಬದಲು ಒಟ್ಟಿಗೆ ಪಡೆಯುವ ಹಣ), ನಿವೃತ್ತಿಯಾಗುವಾಗ ಬರುವ ಗಳಿಕೆ ರಜೆಯ ಹಣ ಮೂರಕ್ಕೂ ಪೂರ್ತಿ ವಿನಾಯಿತಿ ಇದೆ. ತಿಂಗಳ ಪಿಂಚಣಿ ಮಾತ್ರ ಸಂಬಳದಂತೆ ತೆರಿಗೆಗೆ ಒಳಪಡುತ್ತದೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಮತ್ತು ಅಧಿಸೂಚಿತವಾದ ಇತರ ಶೌರ್ಯ ಪದಕ ಪಡೆದವರ ಪಿಂಚಣಿಗೆ, ಅವರ ನಂತರ ಮನೆಯವರ ಕುಟುಂಬ ಪಿಂಚಣಿಗೆ ಕಲಂ 10(18)ರಲ್ಲಿ ತೆರಿಗೆಯೇ ಇಲ್ಲ. 1965ರ ಯುದ್ಧದಲ್ಲಿ ಮಡಿದ ನಮ್ಮ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಪದಕ ಅಷ್ಟು ತಡವಾಗಿ, ಮರಣದ ನಂತರ ಬಂದರೂ ಕುಟುಂಬ ಪಿಂಚಣಿಗೆ ಕಾಯ್ದೆ ಈ ರಕ್ಷಣೆ ಕೊಡುತ್ತದೆ. ಕಾರ್ಯಾಚರಣೆಯ ಕರ್ತವ್ಯದಲ್ಲಿ ಮಡಿದವರ ಪತ್ನಿ, ಮಕ್ಕಳಿಗೆ ಬರುವ ಕುಟುಂಬ ಪಿಂಚಣಿಗೂ ಕಲಂ 10(19)ರಲ್ಲಿ ಪೂರ್ತಿ ವಿನಾಯಿತಿ ಇದೆ. ಇವೆರಡೂ ಹೊಸ ಪದ್ಧತಿಯಲ್ಲಿ ಹಾಗೆಯೇ ಉಳಿದಿವೆ. ಗೊತ್ತಿಲ್ಲದೆ ಬ್ಯಾಂಕಿನಲ್ಲಿ ಟಿಡಿಎಸ್ ಕಡಿತವಾಗುತ್ತಿರುವ ತಾಯಂದಿರು ನಿಮ್ಮ ಊರಲ್ಲಿದ್ದರೆ ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಗೆ ಕರೆದುಕೊಂಡು ಹೋಗಿ. ಸಾಮಾನ್ಯ ಸಂದರ್ಭದ ಕುಟುಂಬ ಪಿಂಚಣಿಗಾದರೆ ಹೊಸ ಪದ್ಧತಿಯಲ್ಲಿ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅಷ್ಟನ್ನು ಕಳೆಯಬಹುದು.

ಕೊನೆಗೆ ನಿಮ್ಮ ಮೈದುನ. ಅಗ್ನಿವೀರನ ಪ್ಯಾಕೇಜು ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷ 40,000. ಅದರಲ್ಲಿ ಶೇ 30 ಅಗ್ನಿವೀರ್ ಕಾರ್ಪಸ್ ಫಂಡ್‌ಗೆ ಹೋಗುತ್ತದೆ, ಸರ್ಕಾರವೂ ಅಷ್ಟೇ ಹಾಕುತ್ತದೆ. ಸರ್ಕಾರದ ಪಾಲು ಕಾಗದದ ಮೇಲೆ ಅವನ ಸಂಬಳಕ್ಕೆ ಸೇರುತ್ತದೆ, ಆದರೆ ಕಲಂ 80ಸಿಸಿಎಚ್ ಅಡಿ ಅಷ್ಟನ್ನೂ ಕಳೆಯಬಹುದು, ಹೊಸ ಪದ್ಧತಿಯಲ್ಲೂ ಸಹ. ಅವನ ಸ್ವಂತ ಪಾಲಿಗೆ ಮಾತ್ರ ಹಳೆಯ ಪದ್ಧತಿಯಲ್ಲೇ ಕಡಿತ. ಹೇಗೂ ಅವನ ಆದಾಯ ರಿಯಾಯಿತಿಯ ಮಿತಿಯೊಳಗೇ ಇರುವುದರಿಂದ ತೆರಿಗೆ ಬರುವುದಿಲ್ಲ. ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ಸೇವಾ ನಿಧಿ ಕೈಗೆ ಬರುತ್ತದೆ. ಅದಕ್ಕೆ ಕಲಂ 10(12ಸಿ) ಅಡಿ ಪೂರ್ತಿ ವಿನಾಯಿತಿ. ಆ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಬರುವ ಬಡ್ಡಿ ಮಾತ್ರ ಅವನ ಆದಾಯ. ತೋಟ ಕೊಳ್ಳಲು ಬಳಸುವುದಾದರೆ ಜಮೀನನ್ನು ಅವನ ಹೆಸರಲ್ಲೇ ಮಾಡಿಸಿ. ಅಣ್ಣನ ಹೆಸರಿಗೆ ಸೇರಿಸಿದರೆ, ಅದರ ಕಾಫಿಯೂ ಮೇಲಿನ ಲೆಕ್ಕದಲ್ಲಿ ಅಣ್ಣನ ಸಂಬಳದ ಜೊತೆಗೇ ಕೂಡಿಕೊಳ್ಳುತ್ತದೆ.